ಬ್ಯಾಂಡ್ ಸೆಟ್ಟಿನ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಮನೆಗೆ ಬರುತ್ತಾಳೆಂದು ಫೋನ್ ಬಂದರೆ ನಾವು ಮೊದಲು ಮಾಡುತ್ತಿದ್ದ ಕೆಲಸ ಅಡುಗೆಮನೆಯ ಸ್ಟೀಲ್ ಡಬ್ಬಗಳನ್ನೆಲ್ಲ ಅಟ್ಟಕ್ಕೆ ಏರಿಸುವುದು! ಅಪಾರ್ಥ ಮಾಡಿಕೊಳ್ಳಬೇಡಿ. ಆಕೆ ಕಳ್ಳಿಯಲ್ಲ. ನನ್ನ ಅಮ್ಮನ ಖಾಸಾ ತಂಗಿ, ಹೆತ್ತೂರಿನಾಚೆ ಒಳ್ಳೆಯ ಕಾಫಿ ತೋಟದ ಯಜಮಾನಿ, ಊರವರ ಮದುವೆ ನಾಮಕರಣಗಳಲ್ಲಿ ಕರೆದು ಮುಂದಿನ ಸಾಲಿನಲ್ಲಿ ಕೂರಿಸುವಂಥ ಹೆಂಗಸು. ಆದರೆ ಅವಳ ಕೈಗೆ ಎರಡು ಚಮಚ ಸಿಕ್ಕಿ, ಎದುರಿಗೆ ಸದ್ದು ಮಾಡಬಲ್ಲ ಯಾವುದಾದರೂ ವಸ್ತು ಇದ್ದುಬಿಟ್ಟರೆ ಆ ಹೊತ್ತಿನ ಮಾತುಕತೆ ಅಲ್ಲಿಗೆ ಮುಗಿಯಿತು. ಸಕ್ಕರೆ ಡಬ್ಬ ಟಂಗ್ ಎನ್ನುತ್ತದೆ, ಅವಲಕ್ಕಿ ಡಬ್ಬ ಡುಬ್ ಎನ್ನುತ್ತದೆ, ಮೇಲೆ ತೂಗುಹಾಕಿದ ದೋಸೆ ಕಾವಲಿಯಂತೂ ಮನೆಯ ಬೆಕ್ಕು ಪಕ್ಕದ ಮನೆ ಸೇರುವಂತೆ ಝಣ್ ಎನ್ನುತ್ತದೆ.

"ನಿಮ್ಮನೆ ರವೆ ಮುಗೀತಾ ಬಂದೈತೆ ಕಣೆ, ಸದ್ದಲ್ಲೇ ಗೊತ್ತಾಗ್ತೈತೆ" ಎಂದು ನನ್ನ ಹೆಂಡತಿಗೆ ಹೇಳುತ್ತಾಳೆ. ತೆಗೆದು ನೋಡಿದರೆ ಡಬ್ಬ ಭರ್ತಿ ಇರುತ್ತದೆ! ಒಮ್ಮೆ ಅವಳ ಕಛೇರಿ ಜೋರಾಗಿ ನಡೆಯುತ್ತಿರುವಾಗ ಒಲೆಯ ಮೇಲಿದ್ದ ಕುಕ್ಕರ್ ಕೂಗಿತು. ಚಿಕ್ಕಮ್ಮ ಚಮಚ ಕೆಳಗಿಟ್ಟು ಅದನ್ನು ದುರುಗುಟ್ಟಿ ನೋಡಿ, "ಮಧ್ಯ ಬಾಯಿ ಹಾಕ್ತೈತಲ್ಲೇ ಇದು!" ಎಂದಳು.

ಇದಕ್ಕೆಲ್ಲ ಕಾರಣ ಹೇಳಿದರೆ ನೀವು ನಂಬಲಿಕ್ಕಿಲ್ಲ. ನಮ್ಮ ಚಿಕ್ಕಮ್ಮ ಒಂದಾನೊಂದು ಕಾಲದಲ್ಲಿ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಳು!

ಮೈಸೂರಿನಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಹುಡುಗಿಯರು ಸೇರಿ ಕಟ್ಟಿಕೊಂಡ ಬ್ಯಾಂಡು. ಹೆಸರು 'ವೈಲ್ಡ್ ಕಾರ್ಡಮಮ್ಸ್', ಅಂದರೆ ಕಾಡೇಲಕ್ಕಿಗಳು. ಹಾಡುತ್ತಿದ್ದವಳ ಹೆಸರು ಶಾಂತಾ. ಹೆಸರಿಗೂ ಗಂಟಲಿಗೂ ಯಾವ ಸಂಬಂಧವೂ ಇರಲಿಲ್ಲವಂತೆ, ಅವಳು ದನಿ ತೆಗೆದರೆ ಹಾಸ್ಟೆಲಿನ ಮರದ ಕಾಗೆಗಳು ಎದ್ದು ಹೋಗುತ್ತಿದ್ದವಂತೆ. ಗಿಟಾರು ಗಿರಿಜಕ್ಕನದು. ಡ್ರಮ್ಮು ನಮ್ಮ ಚಿಕ್ಕಮ್ಮನದು.

ಸುದ್ದಿ ಆಲೂರಿನ ಕಡೆ ನಮ್ಮ ತಾತನ ಮನೆಗೆ ಮುಟ್ಟಿತು. ತಾತನಿಗೆ ಗೊತ್ತಿದ್ದ ಬ್ಯಾಂಡು ಒಂದೇ, ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟು. ಮಗಳು ಕೆಂಪು ಕೋಟು, ಜರಿ ಟೋಪಿ ಹಾಕಿಕೊಂಡು ಯಾರದೋ ದಿಬ್ಬಣದ ಮುಂದೆ ಹೋಗುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿ ಅವರಿಗೆ ಊಟ ಸೇರಲಿಲ್ಲ. ಕುಂದೂರಿನ ಚಂದ್ರಣ್ಣ ಆಗ ಮೈಸೂರಿನಲ್ಲಿ ವ್ಯಾನ್ ಓಡಿಸುತ್ತಿದ್ದ. 'ಹೋಗಿ ಗುಟ್ಟಾಗಿ ನೋಡ್ಕಂಡು ಬಾ' ಎಂದು ಅವನಿಗೆ ಹೇಳಿ ಕಳಿಸಿದರು. ಚಂದ್ರಣ್ಣ ನೋಡಿದ. ನೋಡಿದವನು ಮರಳಿ ಬರಲೇ ಇಲ್ಲ! ಕೊನೆಗೆ ತಾತನೇ ವಿಚಾರಿಸಿದಾಗ ತಿಳಿದದ್ದು, ಗೂಢಚಾರ ಬ್ಯಾಂಡಿಗೆ ಸೇರಿಕೊಂಡಿದ್ದಾನೆ, ಡ್ರಮ್ಮು ಹೊರುವುದು, ವೈರು ಎಳೆಯುವುದು, ಮೈಕು ನಿಲ್ಲಿಸುವುದು ಎಲ್ಲ ಈಗ ಅವನದೇ ಕೆಲಸ. ಹಬ್ಬಕ್ಕೆ ಊರಿಗೆ ಬಂದಾಗ ತಾತ ಅವನನ್ನು ಹಿಡಿದು ನಿಲ್ಲಿಸಿಕೊಂಡರು.

"ಏನ್ಲಾ, ನಮ್ಮುಡುಗಿ ಬೀದೀಲಿ ಬಾರಿಸ್ಕಂಡು ಹೋಯ್ತಾಳಾ?"

"ಇಲ್ಲ ಗೌಡ್ರೆ, ಸ್ಟೇಜಿನ್ ಮೇಲೆ ಕುಂತ್ಕಂಡು ಬಾರಿಸ್ತಾರೆ."

"ಕುಂತ್ಕಂಡಾ?" ತಾತ ಹಿಡಿದಿದ್ದ ರಟ್ಟೆ ಬಿಟ್ಟರು. "ಹಂಗಾರೆ ಮರ್ಯಾದಸ್ಥ ಕೆಲ್ಸಾನೇ ಬುಡು."

ಇಷ್ಟು ಮರ್ಯಾದಸ್ಥ ಹುಡುಗಿಯನ್ನು ನೋಡಲು ಹೆತ್ತೂರಿನ ಕಡೆಯಿಂದ ಗಂಡಿನವರು ಬಂದರು. ಬಾಯಿ ಬಿಡದ ಹುಡುಗ, ಅವನಿಗೂ ಸೇರಿಸಿ ಮಾತಾಡುವ ತಾಯಿ. "ಹುಡುಗಿ ಹಾಡು ಪಾಡು ಕಲ್ತಿದ್ದಾಳಾ?" ಎಂದು ತಾಯಿ ಕೇಳಿದರಂತೆ. ಚಿಕ್ಕಮ್ಮ ತಲೆಯೆತ್ತಿ, "ಹಾಡಲ್ಲ, ಬಾರಿಸ್ತೀನಿ" ಎಂದಳು. ಭಾವಿ ಅತ್ತೆ ಸೆರಗು ಎಳೆದುಕೊಂಡು, ಹೆದರಿದ ದನಿಯಲ್ಲಿ, "ಯಾರಿಗವ್ವಾ?" ಎಂದು ಕೇಳಿದರು. ಆಗ ಆ ಬಾಯಿ ಬಿಡದ ಹುಡುಗ ಜೋರಾಗಿ ನಕ್ಕುಬಿಟ್ಟನಂತೆ. ಅವರೇ ನಮ್ಮ ಚಿಕ್ಕಪ್ಪ. "ಆವತ್ತು ನಕ್ಕಿದ್ದೇ ನಕ್ಕಿದ್ದು ಕಣೋ, ಆಮೇಲೆ ಬಾಯಿ ಬಿಟ್ಟಿದ್ದು ಆಕಳ್ಸೋಕೆ ಮಾತ್ರ" ಎನ್ನುತ್ತಾಳೆ ಚಿಕ್ಕಮ್ಮ.

ಮದುವೆಯ ಮೇಲೆ ಡ್ರಮ್ ಸೆಟ್ಟೂ ಚಂದ್ರಣ್ಣನ ವ್ಯಾನೇರಿ ಹೆತ್ತೂರಿಗೆ ಹೋಯಿತು. ಅಲ್ಲಿ ತೋಟದ ಸ್ಟೋರಿನಲ್ಲಿ ಕಾಫಿ ಮೂಟೆಗಳ ಪಕ್ಕ ಅದಕ್ಕೊಂದು ಜಾಗ ಸಿಕ್ಕಿತು. ಕೆಲವು ಕಾಲ ಬಾರಿಸಿದಳು. ಆಮೇಲೆ ಮಕ್ಕಳು, ಕುಯ್ಲು, ಆಳುಗಳ ಊಟ ತಿಂಡಿ. ಅದಾದ ಮೇಲೆ ಇಲಿಗಳು. ದೊಡ್ಡ ಡ್ರಮ್ಮಿನ ಮುಂಭಾಗ ಹರಿದು ಹೋಗಿ, ಆಳುಗಳ ಲೈನ್ ಮನೆಯ ಕೋಳಿಯೊಂದು ಅದರೊಳಗೆ ಕಾವಿಗೆ ಕೂತಿತು. ಚಿಕ್ಕಮ್ಮ ಅದನ್ನು ಎಬ್ಬಿಸಲಿಲ್ಲ. "ಪಾಪ, ನಂಗಿಂತ ಶ್ರದ್ಧೆಯಿಂದ ಕುಂತೈತೆ" ಎಂದಳಂತೆ.

ಉಳಿದವರು ಏನಾದರು ಎಂದು ಕೇಳುತ್ತೀರಾ? ಕಾಗೆ ಹಾರಿಸುತ್ತಿದ್ದ ಶಾಂತಾ ಸಕಲೇಶಪುರದಲ್ಲಿ ಹೈಸ್ಕೂಲ್ ಹೆಡ್‌ಮಿಸ್ಸಾದರು. ನಾನೂ ಅವರ ಶಿಷ್ಯನೇ. ಅವರು ಕಾರಿಡಾರಿನಲ್ಲಿ ನಡೆದರೆ ಸೀಲಿಂಗ್ ಫ್ಯಾನುಗಳು ಕೂಡ ಸದ್ದು ಕಡಿಮೆ ಮಾಡಿಕೊಳ್ಳುತ್ತಿದ್ದವು. ಇಡೀ ಸರ್ವೀಸು ಅವರು ಜೋರಾಗಿ ಹೇಳಿದ್ದು ಒಂದೇ ಪದ: "ಸೈಲೆನ್ಸ್!" ಗಿರಿಜಕ್ಕ ಆಲೂರಿನಲ್ಲಿ ಅಕ್ಕನ ಬಳಗದ ಹಿರಿಯರು, ಹಾರ್ಮೋನಿಯಂ ಹಿಡಿದು ಹೆಂಗಸರಿಗೆಲ್ಲ ವಚನ ಕಲಿಸುತ್ತಾರೆ. ನಡುನಡುವೆ ಅವರ ಕೈಯಲ್ಲಿ ಏನೋ ಬೇರೆ ಸ್ವರ ನುಸುಳಿ, ಭಕ್ತೆಯರಿಗೆ ಯಾಕೋ ಕುಣಿಯಬೇಕು ಅನ್ನಿಸುತ್ತದಂತೆ. ಚಂದ್ರಣ್ಣನಿಗೆ ಕುಂದೂರಿನಲ್ಲಿ ಶಾಮಿಯಾನ, ಮೈಕ್ ಸೆಟ್ಟಿನ ವ್ಯಾಪಾರ. ಸುತ್ತಲಿನ ಹಳ್ಳಿಗಳಿಗೆಲ್ಲ ಸದ್ದು ಹಂಚುವವನು ಅವನೇ, ಅವನ ಕಿವಿ ಮಾತ್ರ ಸ್ಪೀಕರಿನ ಪಕ್ಕ ನಿಂತು ನಿಂತು ಪೂರಾ ಮಂದವಾಗಿದೆ. ಎಲ್ಲರೂ ಒಂದು ಹಗಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇದ್ದರು. ಸಿಕ್ಕಾಗ ಮಾತಾಡುತ್ತಿದ್ದರು, ಸಾವು ಮದುವೆಗಳಲ್ಲಿ ಸಿಗುತ್ತಿದ್ದರು.

ಇನ್ನು ನನ್ನ ಬಗ್ಗೆಯೂ ಒಂದು ಮಾತು. ಸಕಲೇಶಪುರದಲ್ಲಿ ನನ್ನದೊಂದು ಔಷಧಿ ಅಂಗಡಿ. ಮಾತ್ರೆಯ ಜೊತೆ ಬರುವ ಸಣ್ಣಕ್ಷರದ ಚೀಟಿಗಳನ್ನು ಓದುವ ಕೆಟ್ಟ ಚಾಳಿ ನನಗಿದೆ. ಅದನ್ನು ಓದಿದವನು ನೆಮ್ಮದಿಯಿಂದ ಬದುಕಲು ಸಾಧ್ಯವೇ? ಯಾರಾದರೂ ಕೆಮ್ಮಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಂಥವನನ್ನೇ ಹುಡುಕಿ ಚಿಕ್ಕಮ್ಮ ತನ್ನ ಜೀಪಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದಳು!

ಅವಳ ಜೀಪಿನಲ್ಲಿ ಕೂತು ಬಂದವರು ಸುಲಭಕ್ಕೆ ಯಾವುದಕ್ಕೂ ಹೆದರುವುದಿಲ್ಲ, ಹೆದರಿಕೆಯೆಲ್ಲ ಅಲ್ಲೇ ಖರ್ಚಾಗಿರುತ್ತದೆ. ಎರಡು ಮೂರು ವರ್ಷದ ಹಿಂದೆ ಮಾರನಹಳ್ಳಿಯಲ್ಲಿ ಒಂದು ಮದುವೆ ಮುಗಿಸಿ ಹೆದ್ದಾರಿಯಲ್ಲಿ ಬರುತ್ತಿದ್ದೆವು. ಎದುರಿನಿಂದ ಗ್ಯಾಸ್ ಟ್ಯಾಂಕರುಗಳ ಸಾಲು. ಚಿಕ್ಕಮ್ಮ ತನ್ನ ಕಾಲದ ಯಾವುದೋ ಹಾಡು ಹಾಕಿದಳು. ಮೊದಲು ಅವಳ ಬೆರಳು ಸ್ಟೇರಿಂಗಿನ ಮೇಲೆ ಕುಣಿಯಿತು. ಆಮೇಲೆ ಕೈ. ಆಮೇಲೆ ಎರಡೂ ಕೈ.

"ಚಿಕ್ಕಮ್ಮ! ಸ್ಟೇರಿಂಗ್ ಹಿಡ್ಕೋ!"

"ಹಿಡ್ದಿದೀನಲ್ಲೋ!"

"ಎಲ್ಲಿ ಹಿಡ್ದಿದೀಯ?"

"ಮೊಣಕಾಲಲ್ಲಿ! ಸುಮ್ನೆ ಕುತ್ಕೋ ಮಾರಾಯ, ಈಗ ಒಳ್ಳೆ ಜಾಗ ಬತ್ತೈತೆ."

ರಸ್ತೆಯಲ್ಲೇ ಏನೋ ಬರುತ್ತಿದೆ ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ. ಅವಳು ಹೇಳಿದ್ದು ಹಾಡಿನಲ್ಲಿ ಬರುವ ಒಳ್ಳೆಯ ಜಾಗವಂತೆ. ಟ್ಯಾಂಕರೊಂದು ಹಾರ್ನ್ ಹೊಡೆದುಕೊಂಡು ನಮ್ಮ ಕನ್ನಡಿಯನ್ನು ಸವರಿಕೊಂಡೇ ಹೋಯಿತು. "ಕರೆಕ್ಟಾಗಿ ತಾಳಕ್ಕೆ ಹೊಡ್ದ ನೋಡು ಹಾರ್ನು!" ಎಂದು ಚಿಕ್ಕಮ್ಮ ಮೆಚ್ಚಿಕೊಂಡಳು.

ನನಗೆ ವಾಂತಿ ಬರುವಂತಾಗಿ ರಸ್ತೆ ಬದಿಯ ಕ್ಯಾಂಟೀನಿನ ಹತ್ತಿರ ನಿಲ್ಲಿಸಿದೆವು. ಇಂಜಿನ್ ನಿಂತಿತು, ಹಾಡೂ ನಿಂತಿತು. ನಾನು ನೀರು ಕುಡಿದು ಉಸಿರೆಳೆದುಕೊಂಡು ಪಕ್ಕಕ್ಕೆ ತಿರುಗಿದೆ. ಚಿಕ್ಕಮ್ಮನ ಬಲಗೈ ಸುಮ್ಮನಿತ್ತು. ತೊಡೆಯ ಮೇಲಿದ್ದ ಎಡಗೈಯ ಹೆಬ್ಬೆರಳು ಮಾತ್ರ ತೋರುಬೆರಳನ್ನು ತಟ್ಟುತ್ತಲೇ ಇತ್ತು.

"ಹಾಡು ನಿಂತು ಎಷ್ಟೊತ್ತಾಯ್ತು, ಇದ್ಯಾವ ತಾಳ ಚಿಕ್ಕಮ್ಮ?" ಎಂದೆ ತಮಾಷೆಗೆ.

ಅವಳು ಕೈಯನ್ನು ಬೇರೆಯವರದೇನೋ ಎಂಬಂತೆ ನೋಡಿದಳು.

"ಇದು ನಂದಲ್ಲ ಕಣೋ" ಎಂದಳು.

ಟ್ಯಾಂಕರಿಗೆ ಹೆದರಿದ್ದು ಆ ಮಾತಿಗೆ ಹೆದರಿದ್ದರ ಮುಂದೆ ಏನೂ ಅಲ್ಲ. ನನ್ನ ಅಂಗಡಿಯ ಕಪಾಟುಗಳೆಲ್ಲ ಕಣ್ಣ ಮುಂದೆ ಬಂದವು. ಯಾವ ಸಾಲಿನಲ್ಲಿ ಯಾವ ಮಾತ್ರೆ, ಆ ಮಾತ್ರೆಯ ಚೀಟಿಯಲ್ಲಿ ಏನೇನು ಬರೆದಿದೆ ಎಲ್ಲ ನೆನಪಾಯಿತು. ಅಲ್ಲಿಂದ ಮನೆಯವರೆಗೂ ಚಿಕ್ಕಮ್ಮ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಮೆಲ್ಲಗೆ, ಎಲ್ಲರಿಗೂ ದಾರಿ ಬಿಟ್ಟುಕೊಂಡು ಓಡಿಸಿದಳು. ನನ್ನ ಜನ್ಮದಲ್ಲಿ ಅಷ್ಟು ಭಯವಾದ ಪ್ರಯಾಣ ಇನ್ನೊಂದಿಲ್ಲ.

ಹಾಸನದ ಡಾಕ್ಟರ ಮುಂದೆ ಅವಳನ್ನು ಕೂರಿಸುವಷ್ಟರಲ್ಲಿ ನನಗೂ ಚಿಕ್ಕಪ್ಪನಿಗೂ ಸಾಕುಬೇಕಾಯಿತು. ಡಾಕ್ಟರು ಚಿಕ್ಕ ವಯಸ್ಸಿನವರು. "ಕೈ ಯಾವಾಗಿಂದ ನಡುಗ್ತಿದೆಯಮ್ಮ?" ಎಂದು ಕೇಳಿದರು.

"ನಡುಗೋದಲ್ಲ ಡಾಕ್ಟ್ರೆ, ಡ್ರಮ್ಮಲ್ಲಿ ಇದಕ್ಕೆ ರೋಲ್ ಅಂತಾರೆ. ಇಷ್ಟು ಸಣ್ಣಕೆ ಬಾರಿಸೋಕೆ ಆಗ ನಂಗೆ ಬತ್ತಾನೇ ಇರ್ಲಿಲ್ಲ. ಈಗ ತಾನಾಗೇ ಬಂದ್ಬುಟ್ಟೈತೆ!"

ಡಾಕ್ಟರು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ನಡೆಸಿದರು, ತಿರುಗಿಸಿದರು, ಬೆರಳು ಆಡಿಸಲು ಹೇಳಿದರು. ಕೊನೆಗೆ ನಿಧಾನವಾಗಿ ಹೇಳಿದರು: ಪಾರ್ಕಿನ್‌ಸನ್. ಪೂರ್ತಿ ಹೋಗುವ ಕಾಯಿಲೆಯಲ್ಲ, ಮಾತ್ರೆಯಲ್ಲಿ ಹಿಡಿತದಲ್ಲಿ ಇಡಬಹುದು. ಡ್ರೈವಿಂಗ್ ಇನ್ನು ಬೇಡ. ಮುಂದೆ ನಡಿಗೆಯಲ್ಲೂ ತೊಂದರೆ ಬರಬಹುದು. ನಾನು ಬೆವರುತ್ತಾ ಹತ್ತಾರು ಪ್ರಶ್ನೆ ಕೇಳಿದೆ. ಚಿಕ್ಕಪ್ಪ ಕೇಳಿದ್ದು ಒಂದೇ: "ಊಟದಾಗೆ ಏನಾರ ಪಥ್ಯ ಐತಾ?"

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲವೇನೋ ಎಂದು ನಾನು ತಿಳಿದಿದ್ದೆ. ಮುಂದಿನ ವಾರ ತೋಟಕ್ಕೆ ಹೋದರೆ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದರು, ನೆಲದ ಚಾಪೆಗಳನ್ನೆಲ್ಲ ಎತ್ತಿಸಿದ್ದರು, ಜೀಪಿನ ಕೀಲಿಯನ್ನು ಎಲ್ಲಿಟ್ಟಿದ್ದರೋ ದೇವರಿಗೇ ಗೊತ್ತು.

ನಡಿಗೆಯ ತೊಂದರೆ ಬರಬಹುದು ಎಂದಿದ್ದರಲ್ಲ, ಅದು ಬಂದೇ ಬಂತು. ಚೆನ್ನಾಗಿ ನಡೆದುಕೊಂಡು ಬರುತ್ತಿದ್ದವಳು ಬಾಗಿಲ ಹತ್ತಿರ ಬಂದಕೂಡಲೇ ನಿಂತುಬಿಡುತ್ತಿದ್ದಳು. ಕಾಲನ್ನು ಯಾರೋ ನೆಲಕ್ಕೆ ಅಂಟಿಸಿದ ಹಾಗೆ. ಮನಸ್ಸು ಮುಂದೆ ಹೋಗಿರುತ್ತಿತ್ತು, ಮೈ ಬಾಗಿರುತ್ತಿತ್ತು, ಪಾದ ಮಾತ್ರ ಕೇಳುತ್ತಿರಲಿಲ್ಲ. ಒಮ್ಮೆ ಹಾಗೆಯೇ ಮುಗ್ಗರಿಸಿ ಬಿದ್ದಳು. ನಾನು ಗಾಬರಿಯಿಂದ ಫೋನ್ ಮಾಡಿದರೆ, "ಹಲಸಿನಹಣ್ಣು ಬಿದ್ದಂಗೆ ಬಿದ್ದೆ ಕಣೋ, ಒಡೀಲಿಲ್ಲ" ಎಂದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾನು ಫೋನ್ ಮಾಡುತ್ತಿದ್ದೆ. ಎರಡು ರಿಂಗಿಗೆ ಎತ್ತದಿದ್ದರೆ ಬಿದ್ದಿದ್ದಾಳೆ ಎಂದೇ ಲೆಕ್ಕ. "ನೀನು ಫೋನ್ ಮಾಡ್ತೀಯಲ್ಲ, ಅದ್ನ ಎತ್ತೋಕೆ ಓಡಿ ಬಂದೇ ನಾನು ಬೀಳೋದು!" ಎಂದು ಅವಳು ರೇಗಿದ ಮೇಲೆ ಚಿಕ್ಕಪ್ಪನಿಗೆ ಮಾಡತೊಡಗಿದೆ. ಅವರು "ಹ್ಞೂಂ" ಎಂದು ಇಟ್ಟುಬಿಡುತ್ತಿದ್ದರು. ಆ ಹ್ಞೂಂನಲ್ಲಿ ಎಷ್ಟು ಅರ್ಥ ಹುಡುಕುವುದು, ಹೇಳಿ?

ಒಂದು ದಿನ ಚಿಕ್ಕಪ್ಪ ಅವಳನ್ನು ನಮ್ಮ ಮನೆಗೆ ಕರೆತಂದರು. ನನ್ನ ಹೆಂಡತಿ ಆವತ್ತು ತಾನಾಗಿ ಡಬ್ಬಗಳನ್ನೆಲ್ಲ ಚಿಕ್ಕಮ್ಮನ ಎದುರಿಗೇ ಇಟ್ಟಳು, ಪಕ್ಕದಲ್ಲಿ ಎರಡು ಚಮಚ. ಚಿಕ್ಕಮ್ಮ ನೋಡಿದಳು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಸೊಪ್ಪಿನ ಪಲ್ಯ ಏನು ಹಾಕಿ ಮಾಡ್ತೀಯೇ?" ಎಂದು ಕೇಳಿದಳು. ಇಡೀ ಮಧ್ಯಾಹ್ನ ಸೊಪ್ಪಿನ ಪಲ್ಯದ ಬಗ್ಗೆ ಮಾತಾಡಿದೆವು. ಅಷ್ಟು ಸದ್ದಿಲ್ಲದ ಮಧ್ಯಾಹ್ನ ನಮ್ಮ ಮನೆಯಲ್ಲಿ ಕಂಡಿರಲಿಲ್ಲ.

ಆ ಕಾಲಕ್ಕೆ ಸರಿಯಾಗಿ ಹೆಡ್‌ಮಿಸ್ಸು ರಿಟೈರಾದರು. ಸುಮ್ಮನೆ ಕೂರಲು ಬಾರದ ಅವರಿಗೆ ಹಳೆಯ ಗೆಳತಿಯರೆಲ್ಲ ಒಂದು ದಿನ ಸೇರಬೇಕೆಂದು ಹುಕಿ ಬಂತು. ಚಿಕ್ಕಮ್ಮನಿಗೆ ಫೋನ್ ಮಾಡಿದರೆ, ಕುಯ್ಲು ನಡೀತೈತೆ ಎಂದಳು. ಆಮೇಲೆ ಮಾಡಿದರೆ, ಹಸು ಕರು ಹಾಕೈತೆ, ಬಿಟ್ಟು ಬರಂಗಿಲ್ಲ ಎಂದಳು. ಮತ್ತೆ ಮಾಡಿದರೂ ಅದೇ. ಒಂದೇ ಹಸು ವರ್ಷವಿಡೀ ಕರು ಹಾಕಿತು!

ಒಂದು ದಿನ ಹೆಡ್‌ಮಿಸ್ಸು ನನ್ನ ಅಂಗಡಿಗೆ ಬಿ.ಪಿ. ಮಾತ್ರೆಗೆಂದು ಬಂದರು. ನಾನು ಕೌಂಟರಿನ ಹಿಂದೆ ತಾನಾಗಿ ಎದ್ದು ಕೈಕಟ್ಟಿ ನಿಂತೆ.

"ಏನಯ್ಯಾ, ನಿಮ್ಮ ಚಿಕ್ಕಮ್ಮನ ಕೊಟ್ಟಿಗೇಲಿ ಈಗ ಎಷ್ಟು ಕರು ಇದೆ?"

"ಅದು... ಮಿಸ್..."

"ನನ್ನ ಮುಖ ನೋಡಿ ಹೇಳು."

ಅವರ ಮುಖ ನೋಡಿಕೊಂಡು ಸುಳ್ಳು ಹೇಳಿದ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ. ಕಾಯಿಲೆಯ ವಿಷಯವೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಸೀರೆಯಲ್ಲಿ ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. "ಭಾನುವಾರ ಅಂಗಡಿ ಮುಚ್ಚು, ನೀನೂ ಜೊತೆಗೆ ಬಾ" ಎಂದು ಹೊರಟರು. ಮಾತ್ರೆ ತೆಗೆದುಕೊಳ್ಳುವುದನ್ನೇ ಮರೆತಿದ್ದರು.

ಭಾನುವಾರ ಚಂದ್ರಣ್ಣನ ವ್ಯಾನಿನಲ್ಲಿ ಹೊರಟೆವು. ಮುಂದೆ ಹೆಡ್‌ಮಿಸ್ಸು, ಗಿರಿಜಕ್ಕ. ಹಿಂದೆ ಶಾಮಿಯಾನದ ಗಳಗಳ ನಡುವೆ ನಾನು. ಹೇಳದೆ ಕೇಳದೆ ಹೋಗುತ್ತಿದ್ದೇವೆ, ಚಿಕ್ಕಮ್ಮ ಏನೆನ್ನುತ್ತಾಳೋ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಏನು ಗತಿ, ಗಾಬರಿಯಲ್ಲಿ ಬಿದ್ದರೆ! ಒಂದು ಗಳವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದೆ. ಅದಕ್ಕೆ ಅರ್ಧ ಕಾರಣ ಚಂದ್ರಣ್ಣನ ಡ್ರೈವಿಂಗೂ ಇರಬಹುದು, ಹಿಂದಿನ ಲಾರಿಗಳ ಹಾರ್ನು ಅವನಿಗೆ ಕೇಳುತ್ತಲೇ ಇರಲಿಲ್ಲ.

ಚಿಕ್ಕಮ್ಮ ಕಾಫಿ ಒಣಗಿಸುವ ಕಣದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ವ್ಯಾನಿನಿಂದ ಇಳಿದವರನ್ನು ಕಂಡು ಅವಳ ಕೈ ಮೊದಲು ಹೋದದ್ದು ಸೆರಗಿಗೆ. ಗಿರಿಜಕ್ಕ ಹೋಗಿ ಏನೂ ಮಾತಾಡದೆ ಆ ಕೈಯನ್ನು ಸೆರಗಿನಿಂದ ಈಚೆ ತೆಗೆದು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡರು.

"ಇಲ್ಲೀಗಂಟ ಬಂದ್ಬುಟ್ರಾ?" ಎಂದಳು ಚಿಕ್ಕಮ್ಮ.

"ಕರು ನೋಡೋಕೆ ಬಂದ್ವಿ" ಎಂದರು ಹೆಡ್‌ಮಿಸ್ಸು.

ಕಾಫಿ ಬಂತು, ಚಕ್ಕುಲಿ ಬಂತು. ಚಂದ್ರಣ್ಣ ಎಲ್ಲಕ್ಕೂ "ಹ್ಞಾ?" ಎನ್ನುತ್ತಾ, ಕೇಳಿಸದ ಮಾತಿಗೂ ಜೋರಾಗಿ ನಗುತ್ತಾ ಕೂತಿದ್ದ. ಚಿಕ್ಕಮ್ಮ ನಿಧಾನವಾಗಿ ಹಗುರಾದಳು. ನಾನೂ ಎರಡನೇ ಚಕ್ಕುಲಿಗೆ ಕೈ ಹಾಕುವಾಗ ಚಿಕ್ಕಪ್ಪನ ಫೋನ್ ಹೊಡೆದುಕೊಂಡಿತು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು.

"ಒಂಟಿ ಸಲಗ ನಿಮ್ಮ ಬೇಲಿ ದಾಟೈತೆ ಕಣ್ರೀ. ಸದ್ದು ಮಾಡ್ದೆ ಎಲ್ರೂ ಮನೆ ಒಳೀಕೆ ಹೋಗ್ಬುಡಿ."

ನಮ್ಮ ಕಡೆ ಇದು ಹೊಸ ಸುದ್ದಿಯಲ್ಲ. ಹೊಸದಲ್ಲ ಅಂದಮಾತ್ರಕ್ಕೆ ಭಯವೇನೂ ಹಳತಾಗುವುದಿಲ್ಲ. ಚಿಕ್ಕಪ್ಪ ಬೆರಳನ್ನು ತುಟಿಯ ಮೇಲಿಟ್ಟು ಮನೆಯ ಕಡೆ ಕೈ ತೋರಿಸಿದರು. ಮನೆ ಇದ್ದದ್ದು ಕಣದ ಇನ್ನೊಂದು ತುದಿಯಲ್ಲಿ. ಎಲ್ಲರೂ ಎದ್ದೆವು. ಚಂದ್ರಣ್ಣ ಮಾತ್ರ ಶಾಮಿಯಾನದ ಬಯಲಿನಲ್ಲಿ ಮಾತಾಡುವ ಗಂಟಲಲ್ಲಿ, "ಏನಂತೆ? ಆನೇನಾ? ಎಲ್ಲೈತೆ?" ಎಂದು ಕೇಳಿದ. ಅವನ ಬಾಯಿಗೆ ನಾನು ಕೈ ಅಡ್ಡ ಹಿಡಿದೆ.

ಕಣದ ಅರ್ಧಕ್ಕೆ ಬಂದಿದ್ದೆವು. ಕಾಫಿ ಹಣ್ಣು ಹರಡಿದ್ದ ಎರಡು ಪಟ್ಟಿಗಳ ನಡುವಿನ ಸಣ್ಣ ದಾರಿ ಬಂದಾಗ ಚಿಕ್ಕಮ್ಮ ನಿಂತುಬಿಟ್ಟಳು.

"ಚಿಕ್ಕಮ್ಮ, ಬಾ" ಎಂದು ಪಿಸುಗುಟ್ಟಿದೆ.

"ಬತ್ತಾ ಇಲ್ಲ ಕಣೋ."

ನಾನು ಕೈ ಹಿಡಿದು ಎಳೆದೆ. ಅವಳ ಮೈ ಮುಂದಕ್ಕೆ ವಾಲಿತು, ಕಾಲು ಅಲ್ಲೇ ಇತ್ತು. ಚಿಕ್ಕಪ್ಪ ಹಿಂದಿನಿಂದ ಹಿಡಿಯದಿದ್ದರೆ ಮುಖ ಕೆಳಗಾಗಿ ಬೀಳುತ್ತಿದ್ದಳು. ಕೆಳಗಿನ ತೋಟದಲ್ಲಿ, ಸಿಲ್ವರ್ ಓಕ್ ಮರಗಳ ಕಡೆಯಿಂದ, ಕೊಂಬೆ ಮುರಿದ ಸದ್ದು ಬಂತು. ಎತ್ತಿಕೊಂಡು ಹೋಗೋಣವೆಂದರೆ ಚಿಕ್ಕಪ್ಪನ ಬೆನ್ನು ನೆಟ್ಟಗಿಲ್ಲ, ನನ್ನ ಕೈಕಾಲುಗಳಂತೂ ಚಿಕ್ಕಮ್ಮನಿಗಿಂತ ಜೋರಾಗಿ ನಡುಗುತ್ತಿವೆ.

"ನೀವು ಹೋಗ್ರೋ" ಎಂದಳು ಚಿಕ್ಕಮ್ಮ. "ನಾನು ಹಿಂದ್ಗಡೆ ಬತ್ತೀನಿ. ಹೋಗ್ರಿ ಮಾರಾಯ್ರೆ."

ಅವಳ ಕಣ್ಣಲ್ಲಿ ಹೆದರಿಕೆ ಕಂಡದ್ದು ನನಗೆ ಅದೇ ಮೊದಲು.

ಆಗ ಹೆಡ್‌ಮಿಸ್ಸು ತಿರುಗಿ ಬಂದರು. ಚಿಕ್ಕಮ್ಮನ ಎದುರಿಗೆ ನಿಂತರು. ಇಡೀ ಊರಿನ ಬಾಯಿ ಮುಚ್ಚಿಸಿದ್ದ ಆ ಹೆಂಗಸು, ಬಾಯಿ ಮುಚ್ಚಿಕೊಂಡಿರಲೇಬೇಕಾದ ಆ ಹೊತ್ತಿನಲ್ಲಿ ಬಾಯಿ ತೆರೆದರು. "ಒನ್! ಟೂ! ಥ್ರೀ! ಫೋರ್!" ಎಂದು ಚಪ್ಪಾಳೆ ತಟ್ಟಿ ಕೂಗಿದರು. ಗಿರಿಜಕ್ಕ ಒಂದು ಗಳಿಗೆ ಬೆಚ್ಚಿ, ಮರುಗಳಿಗೆಯಲ್ಲೇ ಡುಡುಂ ಡುಡುಂ ಎಂದು ಬಾಯಲ್ಲೇ ಗಿಟಾರು ಹಿಡಿದರು. ಚಂದ್ರಣ್ಣನಿಗೆ ಏನು ಕೇಳಿಸಿತೋ ಇಲ್ಲವೋ, ಅವರ ಕೈ ನೋಡಿಕೊಂಡು ಕಣದ ಬದಿಯಲ್ಲಿದ್ದ ಖಾಲಿ ಕಾಫಿ ಡ್ರಮ್ಮಿನ ಮೇಲೆ ಧಬಾ ಧಬಾ ಎಂದು ಹಾಕಿದ.

"ಆನೆ! ಆನೆ ಐತೆ!" ಎಂದು ನಾನು ಅಳುವ ದನಿಯಲ್ಲಿ ಹೇಳುತ್ತಿದ್ದೆ. ಯಾರು ಕೇಳಬೇಕು?

ನಾಲ್ಕನೆಯ ಚಪ್ಪಾಳೆಗೆ ಚಿಕ್ಕಮ್ಮನ ಬಲಗಾಲು ಎದ್ದಿತು. ಆಮೇಲೆ ಎಡಗಾಲು. ಹೆಡ್‌ಮಿಸ್ಸು ಎಣಿಸುತ್ತಾ ಹಿಮ್ಮುಖವಾಗಿ ನಡೆದರು, ಚಿಕ್ಕಮ್ಮ ಅವರ ಮುಖವನ್ನೇ ನೋಡುತ್ತಾ, ಮೆರವಣಿಗೆಯಲ್ಲಿ ಬಂದಂತೆ ಕಣ ದಾಟಿ, ಮೆಟ್ಟಿಲು ಹತ್ತಿ, ಬಾಗಿಲನ್ನೂ ದಾಟಿ ಒಳಗೆ ಬಂದಳು. ಚಿಕ್ಕಪ್ಪ ಅಗಣಿ ಹಾಕಿದರು. ಕಿಟಕಿಯಿಂದ ನೋಡಿದರೆ ಸಲಗ ಬೂದು ಬೆನ್ನು ತೋರಿಸಿಕೊಂಡು ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. ಸದ್ದಿಗೆ ಹೆದರಿ ಹೋಯಿತೋ, ಮೊದಲೇ ಗದ್ದೆಗೆ ಹೊರಟಿತ್ತೋ, ಅದನ್ನೇ ಕೇಳಬೇಕು.

ಚಿಕ್ಕಮ್ಮ ಸೋಫಾದಲ್ಲಿ ಕೂತು ಏದುಸಿರು ಬಿಡುತ್ತಾ, "ಶಾಂತೂ, ಬೋ ಸ್ಪೀಡಾಗಿ ಎಣಿಸ್ತೀಯಲ್ಲೇ!" ಎಂದಳು. ಆಮೇಲೆ ಅತ್ತಳು. ನಾವೆಲ್ಲ ಬೇರೆ ಬೇರೆ ಕಡೆ ನೋಡಿದೆವು.

"ಇದೇನು ಹೊಸದಲ್ಲಯ್ಯಾ" ಎಂದರು ಹೆಡ್‌ಮಿಸ್ಸು ನನಗೆ. "ಮೊದಲ ಶೋನಲ್ಲಿ ಪರದೆ ಎತ್ತಿದಾಗ ಇವಳು ಕೋಲು ಹಿಡಿದು ಹೀಗೇ ಕಲ್ಲಾಗಿ ಕೂತಿದ್ದಳು. ಅಷ್ಟು ಜನ ನೋಡಿ ಹೆದರಿ. ನಾನೇ ಎಣಿಸಿ ಶುರು ಮಾಡಿಸಿದ್ದು." ಚಿಕ್ಕಮ್ಮ ಇದನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೆದರಿಕೆಯೆಂಬುದೇ ಇಲ್ಲವೆಂದು ನಾವು ಅಂದುಕೊಂಡೇ ಬೆಳೆದಿದ್ದೆವು.

ಆಮೇಲೆ ಡಾಕ್ಟರಿಗೆ ಹೇಳಿದಾಗ, "ಹೌದು, ಕೆಲವರಿಗೆ ತಾಳ ಕೊಟ್ಟರೆ ಕಾಲು ಬಿಡುತ್ತೆ, ಒಳ್ಳೇದಾಯ್ತು" ಎಂದರು. ಆನೆಯ ವಿಷಯ ನಾನು ಹೇಳಲಿಲ್ಲ.

ಆ ಭಾನುವಾರ ಅವರೆಲ್ಲ ಹೊರಡುವಾಗ ಚಿಕ್ಕಪ್ಪ ಹೆಡ್‌ಮಿಸ್ಸನ್ನು ಜಗಲಿಯ ಮೂಲೆಗೆ ಕರೆದು ಏನೋ ಕೇಳಿದ್ದನ್ನು ನಾನು ನೋಡಿದೆ. ಇವರೂ ಮಾತಾಡುತ್ತಾರೆಯೇ ಎಂದು ಹತ್ತಿರ ಹೋದೆ. "ನೀವು ದಿನಾ ಬರಕ್ಕಾಗಲ್ಲ" ಎನ್ನುತ್ತಿದ್ದರು ಚಿಕ್ಕಪ್ಪ. "ಅದ್ನ ನಂಗೆ ವಸಿ ಹೇಳ್ಕೊಡಿ ಮೇಡಂ." ಹೆಡ್‌ಮಿಸ್ಸು ಅವರಿಗೆ ಅಲ್ಲೇ ನಿಂತು ಚಪ್ಪಾಳೆ ಹಾಕುವುದನ್ನು ಹೇಳಿಕೊಟ್ಟರು. ಚಿಕ್ಕಪ್ಪ ಒಂದನೇ ತರಗತಿಯ ಮಗುವಿನ ಹಾಗೆ ತಪ್ಪು ತಪ್ಪಾಗಿ ತಟ್ಟಿದರು.

ಕೆಲವು ದಿನ ಬಿಟ್ಟು, ಮಾತ್ರೆ ಕೊಟ್ಟು ಬರಲು ಬೆಳಿಗ್ಗೆ ತೋಟಕ್ಕೆ ಹೋದೆ. ಕರೆದರೆ ಯಾರೂ ಓಗೊಡಲಿಲ್ಲ. ಬಾಗಿಲು ತೆರೆದೇ ಇತ್ತು, ಒಳಗೆ ಇಣುಕಿದೆ. ಚಿಕ್ಕಮ್ಮ ಮಲಗುವ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಎದುರಿಗೆ ಚಿಕ್ಕಪ್ಪ, ಅಡುಗೆಮನೆಗೆ ಬೆನ್ನು ಮಾಡಿಕೊಂಡು, ಎರಡೂ ಕೈ ಮುಂದೆ ಚಾಚಿ ನಿಂತಿದ್ದರು. ಒನ್ ಟೂ ಅವರ ನಾಲಿಗೆಗೆ ಒಗ್ಗಿರಲಿಲ್ಲ. ಭತ್ತ ಅಳೆಯುವಾಗ ನಮ್ಮವರು ಮೊದಲನೆಯದಕ್ಕೆ ಒಂದು ಅನ್ನದೆ ಲಾಭ ಅನ್ನುತ್ತಾರಲ್ಲ, ಅವರಿಗೆ ಬರುತ್ತಿದ್ದ ಎಣಿಕೆ ಅದೇ.

"ಲಾಭ..." ಎಂದು ಅಂಗೈ ತಟ್ಟಿದರು. ಚಿಕ್ಕಮ್ಮನ ಕಾಲು ಎದ್ದಿತು. "ಎರಡೂ... ಮೂರೂ... ನಾಲ್ಕೂ... ಐದೂ..."

"ನಾಲ್ಕಕ್ಕೆ ನಿಲ್ಸಿ ಅಂದ್ರೆ ಕೇಳಲ್ವಲ್ರೀ ನೀವು. 'ಐದು' ಇಲ್ಲ ಇದ್ರಾಗೆ."

"ನಾಲ್ಕಾದ್ಮೇಲೆ?"

"ಮತ್ತೆ ಮೊದ್ಲಿಂದ."

ಚಿಕ್ಕಪ್ಪ ಚಾಚಿದ ಕೈ ಹಾಗೇ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಒಳ್ಳೇದೇ ಆಯ್ತಲ್ಲ ಕಣೆ" ಎಂದರು. "ಬಾ. ಮತ್ತೆ ಲಾಭ."